ಗಾರ್ಗಿಯಿಂದ ಕಲಿತದ್ದು

"ಮುಟ್ಟಬೇಡಿ!"

ಟೆಕ್ಸಸ್‌ನ ಇರ್ವಿಂಗ್ ಊರಿನ ಸಭಾಂಗಣದಲ್ಲಿ ಗಾರ್ಗಿ ಗದರಿದಾಗ ಸಮರ್ಥ್ ಬೆಚ್ಚಿ ಕೈ ಹಿಂದೆಳೆದುಕೊಂಡ.

"ಸಾರಿ... ಇದು ಪಿಟೀಲಾ, ಹಾರ್ಮೋನಿಯಮ್ಮಾ?"

"ನಿಕೆಲ್‌ಹಾರ್ಪಾ. ಸ್ವೀಡನ್ ಹಳ್ಳಿಗಳ ಹಳೇ ವಾದ್ಯ. ಕಮಾನು ಎಳೀತಾ ಮರದ ಕೀ ಒತ್ತಬೇಕು."

"ನನಗೂ ಕಲಿಸ್ತೀರಾ?"

ಅವನ ಕಣ್ಣಲ್ಲಿ ತಮಾಷೆ ಇರಲಿಲ್ಲ. ಅದೇ ಅವಳನ್ನು ಸೋಲಿಸಿತು!

ಎಂಟು ತಿಂಗಳು, ಪ್ರತಿ ಶನಿವಾರ, ಅವನು ಹ್ಯೂಸ್ಟನ್ ಪಕ್ಕದ ಸೈಪ್ರೆಸ್‌ನಿಂದ ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಬಂದ. ಪಕ್ಕದ ಮನೆಯಲ್ಲಿದ್ದು ತೀರಿಹೋದ ಸ್ವೀಡನ್ನಿನ ಇಂಗ್ರಿಡ್ ಅಜ್ಜಿ ತನಗೆ ಕಲಿಸಿದ್ದ ಕುಣಿತದ ಧಾಟಿಯನ್ನು ಗಾರ್ಗಿ ಅವನಿಗೆ ಕಲಿಸಿದಳು. ಜೊತೆಗೆ ಅಜ್ಜಿಯ ರೂಢಿಯನ್ನೂ: ನುಡಿಸುವ ಮುಂಚೆ, ಅದನ್ನು ಯಾರಿಂದ ಕಲಿತೆ ಎಂದು ಹೆಸರು ಹೇಳಬೇಕು.

ಆಸ್ಟಿನ್‌ನ ಸಂಗೀತ ಕೂಟದಲ್ಲಿ ಸಮರ್ಥ್ ಅವಳದೇ ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ಮೈಕಿಗೆ ಬಾಗಿದ.

"ಇದು ಇಂಗ್ರಿಡ್ ಅವರ ಧಾಟಿ."

ಅಷ್ಟೇ!

ಅಜ್ಜಿಯನ್ನು ಅವನು ನೋಡಿಯೇ ಇಲ್ಲ... ಹಾಗಾದರೆ ನಾನು ಯಾರು?

ವಿರಾಮ ಸಿಕ್ಕಿದ್ದೇ ಅವಳು ಕಾರಿನತ್ತ ನಡೆದಳು. ಅವನು ಓಡಿಬಂದ.

"ಒಂದು ಹೆಸರು ಹೇಳೋಕೆ ಬಾಯಿ ಬರಲಿಲ್ವಾ?"

"ಅಮ್ಮ ಮುಂದಿನ ಸಾಲಲ್ಲೇ ಕೂತಿದಾರೆ, ಗಾರ್ಗಿ."

"ನನ್ನ ಹೆಸರು ಕೇಳಿದ್ರೆ ಅವರಿಗೆ ಅವಮಾನವಾ?"

"ನೀವು ಗುರು ಅಂತ ಗೊತ್ತಾದ್ರೆ ಅಲ್ಲೇ ನನ್ನನ್ನ ನಿಮ್ಮ ಕಾಲಿಗೆ ಬೀಳಿಸ್ತಾರೆ. ಮೃದಂಗದ ಮೇಷ್ಟ್ರಿಗೂ ಹಾಗೇ ಮಾಡಿಸಿದ್ರು. ಒಂದ್ಸಲ ಗುರು ಅಂತ ಕಾಲಿಗೆ ಬಿದ್ಮೇಲೆ... ಅದೇ ಅಮ್ಮನ ಹತ್ರ, ಇವರನ್ನ ಮದುವೆ ಆಗ್ತೀನಿ ಅಂತ ಹೇಗೆ ಹೇಳಲಿ?"

ಗಾರ್ಗಿಗೆ ಅಳುವಿನ ನಡುವೆಯೇ ನಗು ಬಂತು. ಇಂಥ ಪೆದ್ದನಿಗಾ ನಾನು ಕಲಿಸಿದ್ದು!

"ಆದ್ರೂ ನೀವು ಮಾಡಿದ್ದು ತಪ್ಪು."

"ಹೌದು. ಸರಿ ಮಾಡ್ತೀನಿ. ಆಮೇಲೆ ಏನಾದ್ರೂ ಆಗ್ಲಿ."

ವಿರಾಮದ ನಂತರ ಅವನು ಮತ್ತೆ ಮೈಕಿನ ಮುಂದೆ ಕೂತ.

"ಇದನ್ನು ನಾನು ಗಾರ್ಗಿಯಿಂದ ಕಲಿತೆ. ಗಾರ್ಗಿ ಇಂಗ್ರಿಡ್ ಅವರಿಂದ."

ಅದೇ ಧಾಟಿ... ಈ ಸಲ ಗಾರ್ಗಿಯ ಪಾದ ತಾನಾಗಿಯೇ ತಾಳ ಹಾಕಿತು.

ಚಪ್ಪಾಳೆ ನಿಲ್ಲುವ ಮೊದಲೇ ಅವನು ಕಮಾನು ಹಿಡಿದೇ ಗಾರ್ಗಿಯ ಬಳಿ ಬಂದು ನಿಂತ; ಹಿಂದೆಯೇ ಅವನಮ್ಮ ಕೃಷ್ಣವೇಣಿ ಎದ್ದುಬಂದರು.

"ಏನೋ ನೋಡ್ತಾ ನಿಂತಿದೀಯ? ಬೀಳೋ ಟೀಚರ್ ಕಾಲಿಗೆ!"

ಸಮರ್ಥ್ ಸಪ್ಪೆ ಮುಖದಲ್ಲಿ ಬಗ್ಗಿದ. ಗಾರ್ಗಿ ಥಟ್ಟನೆ ಹಿಂದೆ ಸರಿದಳು.

"ಬೇಡ ಆಂಟಿ!"

"ಯಾಕಮ್ಮಾ?"

"ಇವರು ನನಗೆ... ಶಿಷ್ಯ ಆಗಿ ಬೇಡ."

ಕೃಷ್ಣವೇಣಿ ಒಮ್ಮೆ ಅವಳನ್ನು ನೋಡಿದರು, ಒಮ್ಮೆ ಮಗನನ್ನು. ನಿಧಾನವಾಗಿ ಅವರ ಮುಖ ಅರಳಿತು.

"ಹಾಗಾದ್ರೆ ಏಳೋ, ಸೊಂಟ ಹಿಡ್ಕೊಳ್ಳತ್ತೆ."

ಅವನು ಎದ್ದು, ಕಮಾನನ್ನು ಅವಳ ಕೈಗಿಟ್ಟ.

"ಶನಿವಾರ ಪಾಠ ಇದೆಯಾ?"

"ಇದೆ. ಈ ಸಲ ನಾನೇ ಸೈಪ್ರೆಸ್‌ಗೆ ಬರ್ತೀನಿ."