ಬೀಗಕ್ಕೆ ಹೆಸರಿಲ್ಲದ ಕೇರಿ

ತೀರಿಹೋದ ಅಜ್ಜಿಯೊಬ್ಬಳ ದನಿಯನ್ನು ಟೇಪಿನಿಂದ ತೆಗೆದು, ಅವಳ ಹೆಸರಿನಲ್ಲೇ ಬೇರೊಬ್ಬರ ದನಿ ತುಂಬಿಸಿಡಲಾಗಿತ್ತು.

ಅದು ಗೊತ್ತಾದದ್ದು ಮೊಮ್ಮಗಳಿಂದ. ನರ್ಸ್ ಕೆಲಸದವಳು, ತುಂಬು ಬಸುರಿ. ನುಡಿ ಸಮೀಕ್ಷೆಯ ಕಚೇರಿಗೆ ಬಂದು ಅಜ್ಜಿಯ ಟೇಪು ಕೇಳಿಸಿ ಎಂದಳು. ಹೆಡ್‌ಫೋನ್ ಹಾಕಿಕೊಂಡಳು. ಮುಖ ಅರಳಿತು. ತುಸು ಹೊತ್ತಿಗೆ ಬಾಡಿತು.

"ಮಾತು ನಮ್ಮ ಗಿರಣಿ ಕೇರೀದೇ. ಆದ್ರೆ ಇದು ನಮ್ಮಜ್ಜಿ ಅಲ್ಲ."

ಕಚೇರಿ ಎದ್ದು ಕೂತಿತು. ನಿರ್ದೇಶಕರು ತಾವೇ ಪೊಲೀಸರಿಗೆ ಫೋನ್ ಮಾಡಿದರು.

ಠಾಣೆಯಲ್ಲಿ ಕಾನ್‌ಸ್ಟೇಬಲ್ ತಲೆ ಕೆರೆದುಕೊಂಡ. "ಮೇಡಂ, ಕಳುವಾದ ಮಾಲು ಏನಂತ ಬರ್ಕೊಳ್ಲಿ? ಮಾತು ಅಂತಲಾ?"

"ಹೂಂ, ಅದನ್ನೇ ಬರಿ. ನಿನ್ನ ಮಾತು ಯಾರಾದ್ರೂ ಕದ್ರೆ ನಾನು ಹುಡುಕೋಕೆ ಹೋಗಲ್ಲ" ಎಂದು ಇನ್‌ಸ್ಪೆಕ್ಟರ್ ಟೋಪಿ ಎತ್ತಿಕೊಂಡಳು.

*

ಕಚೇರಿಯ ಗೋಡೆ ತುಂಬ ನಕ್ಷೆಗಳು. ಒಂದೊಂದು ವಸ್ತುವಿಗೆ ಒಂದೊಂದು. ಸೌಟಿಗೆ ಯಾವ ಕೇರಿಯಲ್ಲಿ ಏನೆನ್ನುತ್ತಾರೆ, ಪೊರಕೆಗೆ ಯಾವ ಊರಲ್ಲಿ ಏನೆನ್ನುತ್ತಾರೆ, ಎಲ್ಲವೂ ಬಣ್ಣ ಬಣ್ಣದ ಚುಕ್ಕಿಗಳಲ್ಲಿ. ಅವೆಲ್ಲ ಸೇರಿ ದೊಡ್ಡ ಪುಸ್ತಕವಾಗಲಿದ್ದವು. ಅಚ್ಚು ಹಾಕಿಸುವವರು ಗಿರಣಿಯ ಮಾಲೀಕರು. ಬಿಡುಗಡೆ ಮಾಡುವವರೂ ಅವರೇ.

"ಕಳ್ಳ ಕಣ್ಣೆದುರಿಗೇ ಇದಾನೆ ಮೇಡಂ" ಎಂದರು ನಿರ್ದೇಶಕರು. "ನಮ್ಮ ಚೀಲದ ಮಾವ. ಕೇರಿ ಕೇರಿ ತಿರುಗಿ ಟೇಪು ಮಾಡೋನು ಅವನೇ. ಈ ಸಲ ಸೋಮಾರಿತನಕ್ಕೆ ಯಾರನ್ನೋ ಕೂರಿಸಿ ಮಾತಾಡಿಸಿದಾನೆ. ಕೇಳಿ ನೋಡಿ, ಮಧ್ಯೆ ಮಧ್ಯೆ ಟಕ್ ಅನ್ನುತ್ತೆ. ಅವನ ಊರುಗೋಲು!"

ಇನ್‌ಸ್ಪೆಕ್ಟರ್ ಟೇಪು ಕೇಳಿದಳು. ನಿಜ. ಟೇಪಿನ ಹೆಂಗಸು ನಾಲ್ಕು ಮಾತಾಡುತ್ತಾಳೆ. ಟಕ್. ತುಸು ಮೌನ. ಮತ್ತೆ ನಾಲ್ಕು ಮಾತು. ಟಕ್.

*

ಚೀಲದ ಮಾವ ಊರುಗೋಲನ್ನು ಗೋಡೆಗೆ ಆನಿಸಿ ನೆಲದ ಮೇಲೆ ಕೂತಿದ್ದ. ಅವಮಾನದಿಂದ ಕಣ್ಣು ಕೆಂಪಾಗಿತ್ತು. ಚೀಲ ಕೊಡವಿದ. ಸೌಟು, ಪೊರಕೆ, ತಿರುಗಣೆ, ಬೀಗ ದಡಬಡ ಉರುಳಿದವು.

"ವಸ್ತುವಿನ ಹೆಸರು ನಾವು ಬಾಯಿಬಿಡಬಾರದು ಮೇಡಂ. ನಾವು ಹೇಳಿದ್ರೆ ಅವರೂ ಅದನ್ನೇ ಹೇಳ್ತಾರೆ. ತೋರಿಸ್ಬೇಕು, ಬಾಯಿ ಮುಚ್ಕೊಂಡು ಕೂರಬೇಕು. ಮನೇಲೂ ಅದನ್ನ ಪಾಲಿಸಿ ಅಂತಾಳೆ ನನ್ನಾಕೆ."

ಇನ್‌ಸ್ಪೆಕ್ಟರ್ ನಗುತ್ತಲೇ ಬೀಗ ಎತ್ತಿ ಅಲ್ಲಾಡಿಸಿದಳು.

"ನೋಡಿ! ನೀವೂ ಕೈಗೆ ತಗೊಂಡ್ರಿ. ತೋರಿಸಿದ್ದನ್ನ ಮುಟ್ಟದೆ ಬಿಟ್ಟ ಮನುಷ್ಯರನ್ನ ನಾನು ಕಂಡಿಲ್ಲ. ಆ ಅಜ್ಜಿ, ಮಹಾತಾಯಿ, ಸೌಟು ಕಿತ್ಕೊಂಡು ನನ್ನ ಮಂಡಿಗೇ ಬಾರಿಸಿದ್ರು, ಇಷ್ಟು ದಿನ ಎಲ್ಲಿದ್ಯೋ ಅಂತ."

"ಬೀಗ ತೋರಿಸಿದಾಗ?"

ಮಾವನ ನಗು ಆರಿತು. "ಹೆಸರು ಹೇಳ್ಲಿಲ್ಲ. ನಕ್ಷೆಯಲ್ಲಿ ಆ ಕೇರಿ ಜಾಗ ಖಾಲಿ ಬಿಡಿ ಅಂತ ನಿರ್ದೇಶಕ ಸಾಹೇಬ್ರಿಗೆ ಹೇಳಿದ್ದೆ. ಯಾಕಂತ ಟೇಪಲ್ಲಿತ್ತು. ಈಗ ನಾನು ಹೇಳಿದ್ರೆ ಯಾರು ನಂಬ್ತಾರೆ?"

ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಮೊಮ್ಮಗಳು ಅದೇ ಮಾತು ಹೇಳಿದಳು. "ನಮ್ಮ ಕೇರೀಲಿ ಅದರ ಹೆಸರು ಯಾರೂ ಎತ್ತಲ್ಲ ಅಕ್ಕಾ. 'ಅದನ್ನ ಹಾಕು, ಅದನ್ನ ತೆಗಿ' ಅಷ್ಟೇ. ಆ ಟೇಪಿನ ಹೆಂಗಸು ಪಟ್ ಅಂತ ಹೆಸರು ಹೇಳಿಬಿಟ್ಳು." ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. "ಅಜ್ಜಿದು ಅಂತ ಉಳಿದಿರೋದು ಆ ದನಿ ಒಂದೇ. ಇದಕ್ಕೆ ಕೇಳಿಸ್ಬೇಕು ಅಂತಿದ್ದೆ. ಹುಡುಕಿಕೊಡಿ."

*

ಇನ್‌ಸ್ಪೆಕ್ಟರ್ ಟೀ ಕುಡಿಯಲು ಕಚೇರಿಯ ಕ್ಯಾಂಟೀನಿಗೆ ಹೋದಳು. ಎದುರಿಗೆ ಕೂತದ್ದು ಕಿವಿಯಕ್ಕ. ಟೇಪು ಕೇಳಿ ಕೇಳಿ ಅಕ್ಷರಕ್ಕಿಳಿಸುವವಳು. ಹೆಡ್‌ಫೋನಿಲ್ಲದೆ ಅವಳನ್ನು ಕಂಡವರು ಕಡಿಮೆ, ಅದಕ್ಕೇ ಆ ಹೆಸರು.

ಇನ್‌ಸ್ಪೆಕ್ಟರ್ ಏನೋ ಹೇಳತೊಡಗಿದಳು. ಕಿವಿಯಕ್ಕನ ಬಲಗಾಲು ಮೇಜಿನಡಿ ನೆಲ ಒತ್ತಿತು.

ಪಕ್ಕದ ಗುಮಾಸ್ತ ನಕ್ಕ. "ಕಿವಿಯಕ್ಕಾ, ಅವರು ಟೇಪಲ್ಲ, ನೀವು ಒತ್ತಿದ್ರೆ ನಿಲ್ಲಲ್ಲ! ಇವರ ಮೆಷಿನ್ನಿಗೆ ಕಾಲಲ್ಲಿ ಒತ್ತೋ ಪೆಡಲ್ ಇದೆ ಮೇಡಂ. ಒತ್ತಿದ್ರೆ ಟೇಪು ನಿಲ್ಲುತ್ತೆ, ಬರ್ಕೊಳ್ತಾರೆ, ಮತ್ತೆ ಓಡಿಸ್ತಾರೆ. ಈಗ ಮನುಷ್ಯರು ಮಾತಾಡಿದ್ರೂ ಒತ್ತುತಾರೆ."

ಇನ್‌ಸ್ಪೆಕ್ಟರ್ ಟೀ ಅರ್ಧಕ್ಕೇ ಬಿಟ್ಟು ಎದ್ದಳು.

*

ನಿರ್ದೇಶಕರ ಕೋಣೆಯಲ್ಲಿ ಎಲ್ಲರೂ ಸೇರಿದ್ದರು.

"ಪ್ರಶ್ನೆ ಕೇಳೋ ದನಿ ಮಾವಂದೇ" ಎಂದಳು ಇನ್‌ಸ್ಪೆಕ್ಟರ್. "ಅಲ್ಲಿ ಸೌಟಿನ ಸದ್ದಿದೆ, ಕಬ್ಬಿಣದ ಸದ್ದಿದೆ. ಉತ್ತರ ಶುರುವಾದ್ರೆ ಎಲ್ಲ ಗಪ್‌ಚುಪ್. ಸೌಟು ಕಿತ್ಕೊಂಡು ಹೊಡೆಯೋ ಅಜ್ಜಿ ಕೈಕಟ್ಟಿ ಕೂರ್ತಾಳಾ? ಅಂದ್ರೆ ಉತ್ತರ ಹೇಳಿದೋರ ಮುಂದೆ ವಸ್ತುಗಳೇ ಇರ್ಲಿಲ್ಲ. ಉತ್ತರ ಬೇರೆ ಕಡೆ ಮಾಡಿ ತಂದು ಅಂಟಿಸಿದ್ದು."

"ಮತ್ತೆ ಕೋಲು?" ನಿರ್ದೇಶಕರು ಬಿಡಲಿಲ್ಲ.

"ಕೋಲಾಗಿದ್ರೆ ಮಾವನ ಮಾತಿನಲ್ಲೂ ಕೇಳ್ಬೇಕಿತ್ತಲ್ಲ? ಅದು ಪೆಡಲ್ ಸದ್ದು. ಯಾರೋ ಅಜ್ಜಿ ದನೀನ ಕಿವೀಲಿ ಕೇಳ್ತಾ, ತುಂಡು ತುಂಡಾಗಿ ನಿಲ್ಲಿಸ್ತಾ, ಹಾಗ್ಹಾಗೇ ತಿರುಗಿ ಹೇಳಿದಾರೆ. ಒಂದೇ ಒಂದು ಉತ್ತರದಲ್ಲಿ ಟಕ್ ಇಲ್ಲ. ಬೀಗದ್ದು. ಅಲ್ಲಿ ಕೇಳ್ಕೊಂಡು ಹೇಳೋಕೆ ಹೆಸರೇ ಇರ್ಲಿಲ್ಲ. ಆ ಹೆಸರು ಹುಟ್ಟಿಸಿದ್ದು."

ಕಿವಿಯಕ್ಕ ಮುಖ ಮುಚ್ಚಿಕೊಂಡಳು.

"ಈ ಸಾಹೇಬ್ರೇ ಹೇಳಿದ್ರು" ಎಂದಳು ಬೆರಳುಗಳ ಸಂದಿಯಿಂದ. "ಬೀಗದ ನಕ್ಷೇಲಿ ಗಿರಣಿ ಕೇರಿ ಮಾತ್ರ ಖಾಲಿ ಇದ್ರೆ ಮಾಲೀಕ್ರು ಯಾಕೆ ಅಂತ ಕೇಳ್ತಾರೆ, ಪುಸ್ತಕ ನಿಂತುಹೋಗುತ್ತೆ, ಒಂದು ಹೆಸರು ತುಂಬು, ಹಳೇ ಟೇಪು ಅಳಿಸು ಅಂತ. ಅದೊಂದೇ ಉತ್ತರಕ್ಕೆ ನನ್ನ ದನಿ ಹಾಕಿದ್ರೆ ಸಿಕ್ಕಿಬೀಳ್ತೀನಿ. ಅದಕ್ಕೇ ಎಲ್ಲಾನೂ ನಾನೇ ಹೇಳಿದೆ. ಆ ಅಜ್ಜಿ ಜೊತೆ ತಿಂಗಳುಗಟ್ಟಲೆ ಇದ್ದೀನಿ ಮೇಡಂ, ಕಿವೀಲಿ. ನಮ್ಮಮ್ಮನ ದನಿ ಮರ್ತಿದೀನಿ, ಅವರದು ಮರೆಯಲ್ಲ. ಅಳಿಸೋಕೆ ಕೈ ಬರ್ಲಿಲ್ಲ."

ಕೈಚೀಲದಿಂದ ಟೇಪು ತೆಗೆದಳು. "ಈ ಹುಡುಗಿ ಬಂದು ಹೋದಾಗಿನಿಂದ ದಿನಾ ತರ್ತೀನಿ, ಕೊಡೋ ಧೈರ್ಯ ಆಗದೆ ವಾಪಸ್ ಒಯ್ತೀನಿ."

ಇನ್‌ಸ್ಪೆಕ್ಟರ್ ಮೆಷಿನ್ನಿಗೆ ಹಾಕಿದಳು. ಸೌಟಿನ ಪೆಟ್ಟು. ಮಾವನ "ಅಯ್ಯಯ್ಯೋ". ಒಂದು ದೊಡ್ಡ ನಗೆ. ಮೊಮ್ಮಗಳು ಅಳುತ್ತಲೇ ನಕ್ಕಳು. ಆಮೇಲೆ ಕಬ್ಬಿಣ ನೆಲಕ್ಕೆ ಬಿದ್ದ ಸದ್ದು.

"ತೆಗಿ ಅದನ್ನ ನನ್ನ ಮುಂದಿಂದ. ಅದರ ಹೆಸರು ನಮ್ಮ ಬಾಯಿಗೆ ಬರಲ್ಲ ಕಣಪ್ಪಾ. ಗಿರಣೀಲಿ ಪಾಳಿ ಮುಗಿಯೋವರೆಗೂ ಹೆಂಗಸ್ರು ಎದ್ದು ಹೋಗಬಾರದು ಅಂತ ಹೊರಗಿಂದ ಹಾಕ್ತಿದ್ರು. ಬೆಂಕಿ ಬಿದ್ದಾಗ್ಲೂ ಹಾಕೇ ಇತ್ತು. ನನ್ನ ತಂಗಿ ಬಾಗಿಲ ಹತ್ರಾನೇ ಹೋದ್ಳು."

ಟೇಪು ನಿಂತಿತು. ಕಿವಿಯಕ್ಕ ಅದನ್ನು ಹೊರತೆಗೆದು ಎದೆಗವಚಿಕೊಂಡಳು.

ನಿರ್ದೇಶಕರು ಕೈ ಚಾಚಿದರು. ದನಿ ಮೆತ್ತಗಿತ್ತು. "ಅದು ಕಚೇರಿ ಆಸ್ತಿ ಕಣಮ್ಮ. ಇಲ್ಲಿ ಕೊಡು. ಟೇಪು ಹಾಳಾಗಿತ್ತು, ಅದಕ್ಕೇ ನೀನಾಗೇ ಹಾಗೆ ಮಾಡ್ದೆ ಅಂತ ಮೇಡಂಗೆ ಹೇಳಿಬಿಡು. ನಿನ್ನ ಕೆಲಸ ಉಳಿಯುತ್ತೆ."

ಕಿವಿಯಕ್ಕ ಟೇಪನ್ನು ಬಸುರಿಯ ಮಡಿಲಿಗೆ ಹಾಕಿದಳು.

"ಹೇಳಲ್ಲ ಸಾರ್. ಕೊಡೋದೂ ಇಲ್ಲ."