ಕುಲೆ ಮದುವೆಯ ಮದುಮಗ

ಬಾಗಿಲು ದೂಡಿದ ಹೇಮಾಕ್ಷಿ ಹೊಸ್ತಿಲಲ್ಲೇ ಕಲ್ಲಾದಳು.

ಶಾಲೆಯ ಪ್ರಾಣಿ ಮಾದರಿ ಕೋಣೆಯ ಕಪಾಟುಗಳ ನಡುವೆ ಒಬ್ಬ ಗಂಡಸು ನಿಂತಿದ್ದ. ಕೈಯಲ್ಲಿ ಮಂಗನ ತಲೆಬುರುಡೆ. ಆಟಿ, ಅಂದರೆ ಆಷಾಢ ತಿಂಗಳ ಮೋಡ ಕವಿದ ನಡುಮಧ್ಯಾಹ್ನ. ಕಿಟಕಿಯ ಬೂದು ಬೆಳಕು ಅವನ ಅರ್ಧ ಮುಖದ ಮೇಲೆ ಮಾತ್ರ ಬಿದ್ದಿತ್ತು. ಅಷ್ಟೇ ಸಾಕಾಯಿತು. ಎಡ ಹುಬ್ಬನ್ನು ಎರಡಾಗಿ ಸೀಳಿದ ಆ ಹಳೆಯ ಗಾಯ... ಆ ಮುಖ ಅವಳಿಗೆ ಗೊತ್ತಿತ್ತು!

"ಹೆದರಿದ್ರಾ? ಬುರುಡೆ ನೋಡಿಯಾ, ನನ್ನನ್ನು ನೋಡಿಯಾ?" ಅವನು ನಕ್ಕ. "ನಾನು ಪ್ರೇಮನಾಥ. ಮೇಲಿನ ಫಾರಂಗಳಿಗೆ ಸಾಯನ್ಸ್ ಕಲಿಸ್ಲಿಕ್ಕೆ ಬಂದದ್ದು. ನೀವು ಹೇಮಾಕ್ಷಿ ಟೀಚರ್ ಅಲ್ವಾ?"

ಹೆಸರೂ ಅದೇ...

ಅವಳ ಕೈಯಿಂದ ಚಾಕ್‌ಪೀಸಿನ ಡಬ್ಬಿ ಜಾರಿತು.

'ಅಯ್ಯೋ ದೇವರೇ! ಇವನಿಗೆ ನಾನೇ ಹಾರ ಹಾಕಿದ್ದೇನೆ. ಇವನು ಸತ್ತ ಮೇಲೆ!'

ಘಟ್ಟದ ಮೇಲಿನವರಿಗೆ ಇದು ವಿಚಿತ್ರ ಎನಿಸೀತು. ತುಳುನಾಡಿನಲ್ಲಿ ಮದುವೆಯಾಗದೆ ಸತ್ತವರನ್ನು ಹಾಗೇ ಬಿಡುವುದಿಲ್ಲ. ಕುಲೆ, ಅಂದರೆ ಸತ್ತವರ ಜೀವ, ಒಂಟಿಯಾಗಿ ಅಲೆಯುತ್ತದೆ ಎಂಬ ಸಂಕಟ ಹೆತ್ತವರಿಗೆ. ಹಾಗಾಗಿ ಇನ್ನೊಂದು ಮನೆಯ ಸತ್ತ ಮಗನನ್ನೋ ಮಗಳನ್ನೋ ಹುಡುಕುತ್ತಾರೆ. ತಾಯಿಯಿಂದ ಬರುವ ಕುಲ, ಅಂದರೆ ಬಳಿ, ಬೇರೆ ಬೇರೆಯೇ ಎಂದು ವಿಚಾರಿಸುತ್ತಾರೆ. ಆಮೇಲೆ ಎರಡು ಕುರ್ಚಿ ಹಾಕಿ, ಒಂದರ ಮೇಲೆ ಸೀರೆ, ಇನ್ನೊಂದರ ಮೇಲೆ ಪಂಚೆ ಇಟ್ಟು, ಊಟ ಬಡಿಸಿ ಮದುವೆ ಮಾಡುತ್ತಾರೆ.

ಹೇಮಾಕ್ಷಿಯ ಅಕ್ಕ ದಮಯಂತಿ ಹದಿನೇಳರ ಹರೆಯದಲ್ಲಿ ಜ್ವರದಿಂದ ಸತ್ತಿದ್ದಳು. ಎರಡು ವರ್ಷಗಳ ಹಿಂದೆ, ಸಾವಿರದ ಒಂಬೈನೂರ ಮೂವತ್ತೇಳರ ಆಟಿಯಲ್ಲಿ, ಬೋಳಾರದ ಅವರ ಮನೆಗೆ ಸುರತ್ಕಲ್ಲಿನಿಂದ ಒಂದು ಸಂಬಂಧ ಬಂತು. ಹುಡುಗ ಅವರದೇ ಮೊಗವೀರ ಜಾತಿ, ಪ್ರಾಣಿಶಾಸ್ತ್ರದಲ್ಲಿ ಬಿ.ಎ. ಓದಿದವನು. ಹವಳ, ಚಿಪ್ಪು ಹುಡುಕಲು ಅಮೀನ್ ದ್ವೀಪಕ್ಕೆ ಹೊರಟ ಮಂಜಿ ಎಂಬ ಹಾಯಿಹಡಗಿನಲ್ಲಿದ್ದ. ಮಂಜಿ ಮುಳುಗಿತ್ತು. ಅವನ ಸೋದರಮಾವ ಒಂದು ಫೋಟೋ ತಂದು ಕುರ್ಚಿಯ ಮೇಲೆ ಇಟ್ಟರು. ಅಕ್ಕನ ಪರವಾಗಿ ಅದಕ್ಕೆ ಹಾರ ಹಾಕಿದವಳು ಹೇಮಾಕ್ಷಿ.

ಆ ಫೋಟೋ ಈಗ ಅವಳ ಮುಂದೆ ಬಗ್ಗಿ ಚಾಕ್‌ಪೀಸ್ ಹೆಕ್ಕುತ್ತಿತ್ತು!

"ನೀವು... ಮಂಜಿಯಲ್ಲಿ..." ಎಂದಳು ಅವಳು.

"ಓ, ನಿಮಗೂ ಸುದ್ದಿ ಬಂದಿತ್ತಾ? ನಾನು ಸತ್ತೆ ಅಂತ ಊರಿಡೀ ಗುಲ್ಲಂತೆ ಮಾರಾಯ್ರೆ! ಒಂದು ಹಡಗಿನವರು ಎತ್ತಿದ್ರು. ಜಾಂಜಿಬಾರಿಗೆ ಕರ್ಕೊಂಡು ಹೋದ್ರು. ಬರೆದ ಕಾಗದ ಒಂದೂ ಮುಟ್ಟಲಿಲ್ಲ." ಅವನು ಡಬ್ಬಿಯನ್ನು ಮೇಜಿನ ಮೇಲಿಟ್ಟ. "ತಿರುಗಿ ಬರ್ಲಿಕ್ಕೆ ಮೂರು ವರ್ಷ ಹಿಡೀತು ನೋಡಿ."

ಮದುವೆಯ ಮಾತೇ ಇಲ್ಲ. ಇವನಿಗೆ ಅದು ಗೊತ್ತಿಲ್ಲ! ಅವನ ಮಾವ ಮುಚ್ಚಿಟ್ಟಿರಬೇಕು. ಬದುಕಿರುವವನ ಕಿವಿಗೆ ಬಿದ್ದರೆ ಕುಲೆ ಗಂಡನನ್ನು ಹುಡುಕಿಕೊಂಡು ಬರುತ್ತದೆ ಎಂಬ ಹೆದರಿಕೆ ಅವರಿಗೆ.

ಹೇಮಾಕ್ಷಿಯೂ ಬಾಯಿ ಬಿಡಲಿಲ್ಲ. ಹೇಳುವುದಾದರೂ ಹೇಗೆ? 'ನಮಸ್ಕಾರ, ನೀವು ನನ್ನ ಸತ್ತ ಅಕ್ಕನ ಗಂಡ' ಎಂದೇ?

ಅವಳು ತಿರುಗಿ ಹೊರಟಾಗ ಕಪಾಟುಗಳ ಹಿಂದೆ ಗಾಜಿನ ಬಳೆಗಳ ಸದ್ದಾಯಿತು. ಮೆಲ್ಲಗೆ, ಎರಡು ಸಲ. ಅವಳು ತನ್ನ ಕೈ ನೋಡಿಕೊಂಡಳು. ಕೈಗೆ ಒಂದೊಂದೇ ಬಳೆ. ಒಂಟಿ ಬಳೆ ಸದ್ದು ಮಾಡುವುದಿಲ್ಲ.

ಅತ್ತಾವರದ ಆ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮಾದರಿ ಕೋಣೆ ಎಂದರೆ ಮಕ್ಕಳಿಗೆ ಮೊದಲೇ ಅಂಜಿಕೆ. ಸ್ಪಿರಿಟಿನ ಜಾಡಿಗಳಲ್ಲಿ ಕಡಲ ಹಾವು, ಬಾವಲಿ, ಹಾರುವ ಓತಿ, ಕಡಲ ಕುದುರೆ. ಎಲ್ಲವೂ ಕಣ್ಣು ತೆರೆದುಕೊಂಡೇ ಇದ್ದವು. ಆ ಜಾಡಿಗಳಲ್ಲಿ ಹೆಚ್ಚಿನವನ್ನು ತುಂಬಿಸಿದವಳು ಅಲ್ಲೇ ಓದುತ್ತಿದ್ದ ದಮಯಂತಿ. ಅಪ್ಪನ ಬಲೆಗೆ ಬಿದ್ದ ವಿಚಿತ್ರ ಪ್ರಾಣಿಗಳನ್ನೆಲ್ಲ ಶಾಲೆಗೆ ಹೊತ್ತು ತಂದು, ಮುತ್ತಿನಂಥ ಅಕ್ಷರದಲ್ಲಿ ಚೀಟಿ ಬರೆದು ಅಂಟಿಸುತ್ತಿದ್ದಳು.

ಪ್ರೇಮನಾಥ ಬಂದ ಮರುದಿನದಿಂದ ಒಂದು ಹೊಸ ವಿಷಯ ಶುರುವಾಯಿತು. ದಿನಾ ಬೆಳಿಗ್ಗೆ ಅವನ ಮೇಜಿನ ಮೇಲೆ ಒಂದು ಚೀಟಿ ಬಿದ್ದಿರುತ್ತಿತ್ತು. ದಮಯಂತಿಯ ಅಕ್ಷರ. ಒಂದು ದಿನ 'ಕಡಲ ಕುದುರೆ', ಇನ್ನೊಂದು ದಿನ 'ನಕ್ಷತ್ರ ಮೀನು'.

"ಆಟಿಯ ಥಂಡಿಗೆ ಅಂಟು ಬಿಡ್ತದೆ," ಎಂದು ಅವನು ಚೀಟಿಯನ್ನು ಮತ್ತೆ ಅಂಟಿಸುತ್ತಿದ್ದ.

ಕಪಾಟು ಇದ್ದದ್ದು ಕೋಣೆಯ ಆ ಕೊನೆಯಲ್ಲಿ. ಮೇಜು ಈ ಕೊನೆಯಲ್ಲಿ! ಜವಾನ ಅಂಗಾರ ನಾಲ್ಕನೆಯ ದಿನ ಆ ಕೋಣೆ ಗುಡಿಸುವುದನ್ನೇ ಬಿಟ್ಟ.

ಹೇಮಾಕ್ಷಿಯನ್ನು ಸುಟ್ಟದ್ದು ಚೀಟಿಗಳಿಗಿಂತಲೂ ಪ್ರೇಮನಾಥನ ಮಾತು.

"ಈ ಅಕ್ಷರ ನೋಡಿದ್ರೆ ಬರೆದವರ ಮನಸ್ಸೇ ಕಾಣ್ತದೆ ಟೀಚರ್," ಎಂದು ಅವನು ಒಂದು ಮಧ್ಯಾಹ್ನ ಕಡಲ ಕುದುರೆಯ ಜಾಡಿ ಎತ್ತಿ ಹಿಡಿದ. "'ಇದರಲ್ಲಿ ಗಂಡೇ ಬಸುರಿ. ನಗಬೇಡಿ' ಅಂತ ಬರೆದಿದ್ದಾರೆ! ಇಂಥವರ ಜೊತೆ ಒಂದು ಆಯುಸ್ಸು ಕಳೀಬಹುದು..."

ಹೇಳಿ ಅವನು ಅವಳ ಮುಖವನ್ನೇ ನೋಡಿದ.

'ಅಕ್ಕ ಇವನನ್ನು ಹಿಡಿದುಬಿಟ್ಟಿದ್ದಾಳೆ!' ಎಂದು ಹೇಮಾಕ್ಷಿ ಹೆದರಿದಳು. ಹೆದರಿಕೆಯ ಹಿಂದೆಯೇ ಇನ್ನೊಂದು ನಾಚಿಕೆಗೆಟ್ಟ ಭಾವ ಬಂತು. ಸತ್ತ ಅಕ್ಕನ ಮೇಲೆ ಹೊಟ್ಟೆಕಿಚ್ಚು! ಅವನ ನಗು ಬೇಕು, ಅವನ ಮಾತು ಬೇಕು ಎಂದು ತನ್ನ ಮನಸ್ಸು ಹಟ ಹಿಡಿದಿರುವುದು ಅವಳಿಗೆ ಅಂದೇ ಗೊತ್ತಾದದ್ದು.

"ನನಗೆ ಕ್ಲಾಸುಂಟು," ಎಂದು ಮುಖ ತಿರುಗಿಸಿ ಹೊರಟಳು. ಅವನ ಮುಖ ಬಾಡಿದ್ದನ್ನು ಅವಳು ನೋಡಲಿಲ್ಲ.

ಅಂದಿನ ಪಾಠ ಜೀವವಿಕಾಸ. ನಾಲ್ಕನೇ ಫಾರಂನ ಹುಡುಗಿಯರಿಗೆ ಅವಳು ಬಳಿಯ ಲೆಕ್ಕದಲ್ಲೇ ಕಲಿಸುತ್ತಿದ್ದಳು.

"ತಿಮಿಂಗಿಲ ಮೀನಿನ ಹಾಗೆ ಕಾಣ್ತದೆ. ಆದ್ರೆ ಮರಿಗೆ ಹಾಲು ಕೊಡ್ತದೆ. ಅದರ ಬಳಿ ಮೀನಿನದ್ದಲ್ಲ, ದನದ್ದು, ನಮ್ಮದು. ಬಳಿ ಹೇಳುವುದು ಮುಖ ನೋಡಿ ಅಲ್ಲ, ತಾಯಿ ಯಾರು ಅಂತ ಕೇಳಿ. ಹಿಂದೆ ಹಿಂದೆ ಹೋದ್ರೆ ಎಲ್ಲ ಬಳಿಗಳಿಗೂ ಒಬ್ಬಳೇ ಅಜ್ಜಿ."

"ಕಪ್ಪೆಗೂ ನನಗೂ?" ಎಂದು ನೆಲ್ಲಿ ಎಂಬ ಹುಡುಗಿ ಎದ್ದು ನಿಂತಳು. ಕ್ಲಾಸಿಡೀ ನಗು.

"ಕಪ್ಪೆಗೂ ನಿನಗೂ. ನಿನ್ನ ಬಾಯಿ ನೋಡಿದ್ರೆ ಗೊತ್ತಾಗ್ತದೆ, ಕೂತ್ಕೊ." ಹೇಮಾಕ್ಷಿಯೂ ನಕ್ಕಳು. ಆಮೇಲೆ ಬೋರ್ಡಿನ ಮೇಲೆ ಒಂದು ದಪ್ಪ ಮೀನಿನ ಚಿತ್ರ ಬರೆದಳು. "ಇದು ಕಲ್ಲಿನಲ್ಲಿ ಅಚ್ಚಾಗಿ ಮಾತ್ರ ಸಿಕ್ಕಿದ್ದ ಮೀನು. ರೆಕ್ಕೆಯ ಬುಡ ನೋಡಿ, ಕಾಲಿನ ಹಾಗೆ ಉಂಟು. ಕೋಟಿಗಟ್ಟಲೆ ವರ್ಷದ ಹಿಂದೆಯೇ ಇದರ ವಂಶ ಅಳಿದು ಹೋಯ್ತು ಅಂತ ದೊಡ್ಡ ದೊಡ್ಡವರು ಬರೆದಿಟ್ಟಿದ್ರು. ಕಳೆದ ಡಿಸೆಂಬರಿನಲ್ಲಿ ಆಫ್ರಿಕದ ತೆಂಕು ಕಡಲಿನಲ್ಲಿ ಬಲೆಗೆ ಬಿತ್ತು. ಜೀವಂತ!"

ಮಕ್ಕಳು ಬೋರ್ಡಿನ ಕಡೆ ಬಗ್ಗಿ ನೋಡಿದರು.

"ಟೀಚರ್, ಸತ್ತಿದೆ ಅಂತ ಬರೆದದ್ದನ್ನು ಎಂತ ಮಾಡಿದ್ರು?" ಮತ್ತೆ ನೆಲ್ಲಿ.

"ಹೊಡೆದು ಹಾಕಿದ್ರು. ಮತ್ತೆ ಬರೆದ್ರು. ತಪ್ಪು ಬರೆದವರದ್ದು, ಮೀನಿನದ್ದಲ್ಲ..."

ಹೇಳಿದ ಮಾತು ಅವಳ ಕಿವಿಗೇ ತಟ್ಟಿತು. ಕೈಯಲ್ಲಿದ್ದ ಚಾಕ್‌ಪೀಸ್ ಬೋರ್ಡಿನ ಮೇಲೆಯೇ ನಿಂತಿತು. ಪಕ್ಕದ ಮಾದರಿ ಕೋಣೆಯ ಬಾಗಿಲಲ್ಲಿ ಪ್ರೇಮನಾಥ ಪಾಠ ಕೇಳುತ್ತ ನಿಂತಿದ್ದ.

ಅಂಗಾರ ಇದ್ದದ್ದೂ ಬೋಳಾರದಲ್ಲಿ; ಕುಲೆ ಮದುವೆಯ ಊಟಕ್ಕೆ ಅವನೂ ಬಂದಿದ್ದ. ಅವನ ಬಾಯಿಯಲ್ಲಿ ಗುಟ್ಟು ನಿಲ್ಲುವುದುಂಟೇ? ಮರುದಿನ ಮಧ್ಯಾಹ್ನ ಹೇಮಾಕ್ಷಿಯ ತಾಯಿ ಸುಂದರಿ ತಲೆಯ ಮೇಲೆ ಬುಟ್ಟಿ ಹೊತ್ತುಕೊಂಡು ಶಾಲೆಗೆ ಬಂದೇಬಿಟ್ಟಳು. ಯಾರನ್ನೂ ಕೇಳದೆ ಮಾದರಿ ಕೋಣೆಗೆ ನುಗ್ಗಿದಳು.

ಹೇಮಾಕ್ಷಿ ಓಡಿ ಬರುವಷ್ಟರಲ್ಲಿ ನೆಲದ ಮೇಲೆ ಎರಡು ಬಾಳೆಲೆ ಹಾಸಿ ಆಗಿತ್ತು. ಎರಡರಲ್ಲೂ ಅನ್ನ, ಬಂಗುಡೆ ಮೀನಿನ ಸಾರು.

"ಕೂತ್ಕೊ ಮಗಾ," ಎಂದು ಸುಂದರಿ ಪ್ರೇಮನಾಥನಿಗೆ ಹೇಳುತ್ತಿದ್ದಳು. "ಅಳಿಯ ಬಂದು ಇಷ್ಟು ದಿನ ಆಯ್ತು, ಒಂದು ತುತ್ತು ಹಾಕ್ಲಿಲ್ಲ ನಾನು. ನೀನು ಅಲ್ಲಿಂದ ಬಂದ ಮೇಲೆ ಅವಳು ನಿದ್ದೆ ಮಾಡುದಿಲ್ಲ. ದಿನಾ ಕನಸಿನಲ್ಲಿ ಬಂದು 'ಅಮ್ಮಾ, ಅವ್ರು ಎಲ್ಲಿ' ಅಂತ ಕೇಳ್ತಾಳೆ."

"ಯಾರು? ಯಾವ ಅವಳು?"

"ನನ್ನ ದೊಡ್ಡವಳು. ನಿನ್ನ ಹೆಂಡತಿ ದಮಯಂತಿ."

ಸುಂದರಿ ಎಲ್ಲವನ್ನೂ ಹೇಳಿದಳು. ಪ್ರೇಮನಾಥ ಗೋಡೆಗೆ ಆತು ನಿಂತ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಯಾರೂ ಕೂರದ ಎರಡನೆಯ ಎಲೆಯ ಮೇಲಿನ ಅನ್ನದಿಂದ ಹಬೆ ಏಳುತ್ತಿತ್ತು.

"ನಿಮಗೆ ಗೊತ್ತಿತ್ತಾ?" ಎಂದು ಅವನು ಹೇಮಾಕ್ಷಿಯನ್ನು ಕೇಳಿದ.

"ಮೊದಲ ದಿನವೇ..."

"ಮತ್ತೆ ಎಂತಕ್ಕೆ ಹೇಳ್ಲಿಲ್ಲ? ಆ ಚೀಟಿಗಳನ್ನೆಲ್ಲ ಬರೆದ ಕೈ ನಿಮ್ಮದು ಅಂತ ತಿಳ್ಕೊಂಡು, ನಾನು ಹುಚ್ಚನ ಹಾಗೆ ದಿನಾ..."

"ನನ್ನದಾ?" ಅವಳು ಕಪಾಟಿನ ಕಡೆ ಕೈ ತೋರಿದಳು. "ಅದು ಅಕ್ಕನ ಅಕ್ಷರ!"

ಆಗ, ಆ ಮೂವರೂ ಕೇಳುವಂತೆ, ಕಪಾಟಿನ ಹಿಂದೆ ಬಳೆ ಸದ್ದಾಯಿತು.

ಸುಂದರಿ ಎರಡನೆಯ ಎಲೆಯ ಕಡೆ ನೋಡಿ ಕೈ ಮುಗಿದಳು. ಪ್ರೇಮನಾಥ ಊಟಕ್ಕೆ ಕೂರಲಿಲ್ಲ. ಅಂದೇ ಹೆಡ್‌ಮಿಸ್ಟ್ರೆಸ್ ಒಲಿಂಡಾ ಅವರಿಗೆ ರಾಜೀನಾಮೆ ಬರೆದುಕೊಟ್ಟ. ಶನಿವಾರದ ರೈಲಿಗೆ ಮದ್ರಾಸಿಗೆ ಹೋಗುತ್ತಾನಂತೆ.

ಬಿಸಿ ತುಪ್ಪ! ನುಂಗಲೂ ಆಗದು, ಉಗುಳಲೂ ಆಗದು. 'ಹೋಗಲಿ' ಎಂದರೆ ಹೇಮಾಕ್ಷಿಗೆ ಬದುಕಿಲ್ಲ. 'ಬೇಡ' ಎಂದರೆ ಅಕ್ಕನ ಗಂಡನನ್ನು ಕಿತ್ತುಕೊಂಡ ಪಾಪ. ಎರಡು ದಿನ ಅವಳು ಬೆಂದಳು. ಮೂರನೆಯ ದಿನ ಅವಳೇ ಮಾದರಿ ಕೋಣೆಗೆ ಹೋದಳು. ಅವನು ಪುಸ್ತಕ ಕಟ್ಟುತ್ತಿದ್ದ.

"ಒಂದು ಮಾತು ಕೇಳ್ತೇನೆ, ಸುಳ್ಳು ಹೇಳ್ಬಾರ್ದು," ಎಂದಳು. "ನೀವು ಆಯುಸ್ಸು ಕಳೀಬಹುದು ಅಂದದ್ದು ಅಕ್ಕನ ಜೊತೆಯಾ?"

ಅವನು ಹಗ್ಗ ಕೆಳಗಿಟ್ಟ.

"ಅಕ್ಷರ ಅವರದ್ದು. ಅದು ನನಗೆ ಇಷ್ಟ ಆದದ್ದು ನಿಜ. ಆದ್ರೆ ಬಾಗಿಲಲ್ಲಿ ನಿಂತು ನಾನು ಕೇಳಿದ್ದು ನಿಮ್ಮ ಪಾಠ. 'ತಪ್ಪು ಬರೆದವರದ್ದು, ಮೀನಿನದ್ದಲ್ಲ' ಅಂದ್ರಲ್ಲ... ಆವತ್ತು ಮನೆಗೆ ಹೋಗಿ ಅತ್ತೆ ನಾನು. ಯಾಕೆ ಅಂತ ನನಗೇ ಗೊತ್ತಾಗ್ಲಿಲ್ಲ. ಅತ್ತದ್ದು ನಿಮಗಾಗಿ ಹೇಮಾಕ್ಷಿ, ಅಕ್ಷರಕ್ಕಾಗಿ ಅಲ್ಲ."

ಅವಳ ಕಣ್ಣು ತುಂಬಿತು.

"ಹಾಗಾದ್ರೆ ಶನಿವಾರ ಹೋಗ್ಬೇಡಿ. ನಮ್ಮಲ್ಲಿ ಗಂಡ ಹೆಂಡತಿಗೆ ಕೂಡಿ ಬಾರದಿದ್ರೆ ಬಿಡುಗಡೆ ಉಂಟು. ಗುರಿಕಾರರ ಎದುರು ಬಿಟ್ಟೆ ಅಂದ್ರೆ ಇಬ್ರೂ ಬೇರೆ ಮದುವೆ ಆಗ್ಬಹುದು. ಬದುಕಿದವರಿಗೆ ಉಂಟು ಅಂತಾದ್ರೆ, ಸತ್ತವರಿಗೆ ಯಾಕಿಲ್ಲ?"

ಜಾತಿಯ ಹಿರಿಯ, ಗುರಿಕಾರ ನೋಣಯ್ಯ ಇದನ್ನು ಕೇಳಿ ಬಹಳ ಹೊತ್ತು ವೀಳ್ಯ ಜಗಿದರು.

"ಕುಲೆಗೆ ಬಿಡುಗಡೆ ಕೊಡಿಸಿದ್ದು ನನ್ನ ಅಜ್ಜನ ಕಾಲದಲ್ಲೂ ಇಲ್ಲ ಮಾರಾಯ್ತಿ. ಕೊಡ್ಬಾರ್ದು ಅಂತಲೂ ಯಾರೂ ಹೇಳ್ಲಿಲ್ಲ. ಆದ್ರೆ ಅವಳು ಒಪ್ಬೇಕು. ಅವಳ ಪರವಾಗಿ ಹಾರ ಹಾಕಿದವಳೇ ಅವಳ ಪರವಾಗಿ ಮೂರು ಸಲ ಬಿಟ್ಟೆ ಅನ್ಬೇಕು. ಮೂರನೇದು ಬಾಯಿಗೆ ಬಾರದಿದ್ರೆ, ಅವಳು ಬಿಡ್ಲಿಲ್ಲ ಅಂತ ಅರ್ಥ."

"ಬಿಟ್ರೆ ನನ್ನ ಮಗಳ ಕೈ ಹಿಡಿಯುವವರು ಯಾರು?" ಸುಂದರಿ ಗೋಳಾಡಿದಳು. "ಪುನಃ ಒಂಟಿಯಾಗ್ತಾಳಲ್ಲ ಅವಳು!"

ಪ್ರೇಮನಾಥ ಅವಳ ಮುಂದೆ ಕುಳಿತ. "ಅಮ್ಮಾ, ಆಟಿಗೊಮ್ಮೆ ಅವರಿಗೆ ಎಲೆ ಹಾಕುದು ಇನ್ನು ನನ್ನ ಕೆಲಸ. ಗಂಡನಾಗಿ ಅಲ್ಲ. ಈ ಮನೆಯವನಾಗಿ. ನೀವು ಇದ್ರೂ, ಇಲ್ಲದಿದ್ರೂ."

ಸುಂದರಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋಗಿ ದಮಯಂತಿಯ ಸೀರೆ ತಂದಳು.

ಶುಕ್ರವಾರ ದೀಪ ಹಚ್ಚುವ ಹೊತ್ತು. ಚಾವಡಿಯಲ್ಲಿ ಕುರ್ಚಿಯ ಮೇಲೆ ಆ ಸೀರೆ, ಸೀರೆಯ ಮೇಲೆ ಹಸುರು ಬಳೆಗಳು. ಎದುರು ಪ್ರೇಮನಾಥ. ಕುರ್ಚಿಯ ಪಕ್ಕದಲ್ಲಿ ಹೇಮಾಕ್ಷಿ. ಗಾಳಿ ಇರಲಿಲ್ಲ. ನದಿಯ ಕಡೆಯಿಂದ ಒಂದು ನಾಯಿ ಊಳಿಟ್ಟು ಸುಮ್ಮನಾಯಿತು.

"ಬಿಟ್ಟೆ," ಎಂದಳು ಹೇಮಾಕ್ಷಿ.

ದೀಪ ಅಲುಗಲಿಲ್ಲ.

"ಬಿಟ್ಟೆ..."

ಮೂರನೆಯದು ಬರಲಿಲ್ಲ. ನಾಲಗೆ ಮರದ ತುಂಡಿನಂತಾಯಿತು. 'ಅಕ್ಕನನ್ನು ಕಳುಹಿಸುತ್ತಿರುವವಳು ನಾನು... ಅದೂ ನನಗಾಗಿ!' ಕಣ್ಣೀರು ಧಾರೆಯಾಗಿ ಇಳಿಯಿತು. ಪ್ರೇಮನಾಥ ಕಣ್ಣು ಮುಚ್ಚಿದ. ನೋಣಯ್ಯ ಎದ್ದು ನಿಲ್ಲಲು ಕೋಲು ಊರಿದರು.

ಕುರ್ಚಿಯ ಮೇಲಿನ ಬಳೆಗಳು ಸದ್ದು ಮಾಡಿದವು.

ಹೇಮಾಕ್ಷಿಯ ಬೆನ್ನು ನೆಟ್ಟಗಾಯಿತು. ಅವಳ ಬಾಯಿಂದ ಒಂದು ಸ್ವರ ಬಂತು. ತುಸು ಕೀರಲು, ತುಂಬ ತುಂಟ. ಅವಳದಲ್ಲ!

"ಎಷ್ಟು ಅಳ್ತಿ ಮಾರಾಯ್ತಿ? ಮೂಗು ಒರಸಿಕೊ. ಬಿಟ್ಟೆ, ಬಿಟ್ಟೆ... ಇಟ್ಕೊ ನೀನೇ!"

"ದಮೂ!" ಸುಂದರಿ ಕುರ್ಚಿಗೆ ಬಿದ್ದು ಸೀರೆಯನ್ನು ತಬ್ಬಿಕೊಂಡಳು. ಈ ಮನೆಯಲ್ಲಿ ಹಾಗೆ ಗದರುತ್ತಿದ್ದವಳು ಒಬ್ಬಳೇ. ಸೀರೆ ಒಂದು ಗಳಿಗೆ ಬೆಚ್ಚಗಿತ್ತು ಎಂದು ಅವಳು ಸಾಯುವ ತನಕ ಹೇಳಿದಳು.

ಎಲ್ಲ ಮುಗಿದ ಮೇಲೆ ಹೇಮಾಕ್ಷಿ ಹಿತ್ತಲಿನಲ್ಲಿ, ನದಿಗೆ ಮುಖ ಮಾಡಿ ಕುಳಿತಿದ್ದಳು. ಪ್ರೇಮನಾಥ ಬಂದು ಎರಡು ಮಾರು ದೂರದಲ್ಲಿ ನಿಂತ.

"ಹತ್ತಿರ ಬರ್ಬಹುದಾ?"

"ಯಾಕೆ ಕೇಳ್ತೀರಿ?"

"ಅಭ್ಯಾಸ ತಪ್ಪಿ ಹೋಗಿದೆ." ಅವನು ತಲೆ ತಗ್ಗಿಸಿದ. "ಊರಿಗೆ ಬಂದು ಮೂರು ತಿಂಗಳಾಯ್ತು. ಮಾವ ಬಟ್ಟಲನ್ನು ದೂರದಿಂದ ದೂಡ್ತಾರೆ. ತಂಗಿಯ ಮಕ್ಕಳು ಓಡ್ತಾರೆ. ಒಬ್ರೂ ನನ್ನನ್ನು ಮುಟ್ಲಿಲ್ಲ ಹೇಮಾಕ್ಷಿ. ಕೆಲವೊಮ್ಮೆ ನನಗೇ ಸಂಶಯ ಬರ್ತದೆ... ನಾನು ನಿಜವಾಗಿ ಬಂದಿದ್ದೇನಾ?"

ಅವಳು ಎದ್ದು ಹೋಗಿ ಅವನ ಮಣಿಕಟ್ಟು ಹಿಡಿದಳು. ಎರಡು ಬೆರಳು ಒತ್ತಿ, ತುಟಿ ಅಲುಗಿಸದೆ ನಿಂತಳು.

"ಎಂತ ಮಾಡ್ತಿದ್ದೀರಿ?"

"ನಾಡಿ ಎಣಿಸ್ತಿದ್ದೇನೆ. ಮಾತಾಡ್ಬೇಡಿ."

ಅವನು ಉಸಿರು ಬಿಗಿಹಿಡಿದ. "ಎಷ್ಟಾಯ್ತು?"

"ತಪ್ಪಿಹೋಯ್ತು... ತುಂಬ ಜೋರು ಓಡ್ತಾ ಉಂಟು."

"ಹಾಗಾದ್ರೆ ಮೊದಲಿಂದ ಎಣಿಸಿ," ಎಂದ ಪ್ರೇಮನಾಥ.

"ಎಣಿಸ್ತೇನೆ," ಎಂದಳು ಅವಳು, ಕೈ ಬಿಡದೆ.