ಈ ನಾಯಿ ನಿಮ್ಮದೇ?

ಕೆಂಚ ನೀರು ಕುಡಿದು ತಲೆಯೆತ್ತುವಷ್ಟರಲ್ಲಿ ಬಟ್ಟಲಿನ ಅಂಚು ಹಳದಿಯಾಯಿತು. "ಈ ನಾಯಿ ನಿಮ್ಮದೇ?" ಎಂದು ಬಟ್ಟಲು ಕೇಳಿತು.

"ಅಲ್ಲ," ಎಂದರು ರೂಪಾ ಮೌಶಿ. ಬಟ್ಟಲು ಸುಮ್ಮನಾಯಿತು. ಕೆಂಚ ಪಕ್ಕದ ಮನೆಯ ಬಟ್ಟಲಿನತ್ತ ನಡೆದ.

ಅದು ೨೦೬೧ರ ಯುಗಾದಿಯ ಹೊತ್ತಿನ ಮಾತು. ದಸರೆ ಬರುವಷ್ಟರಲ್ಲಿ ಅವನು ಅದೇ ಬಾಗಿಲಲ್ಲಿ ಕುಸಿದು ಬಿದ್ದ. ಮೌಶಿ ಗಾಬರಿಯಾಗಿ, ಬಟ್ಟಲನ್ನು ಕಂಡುಹಿಡಿದ ಪಶುವೈದ್ಯೆ ಶಾಲ್ಮಲಾಳನ್ನೇ ಕರೆಸಿದರು.

ಧಾರವಾಡದಲ್ಲಿ ಆಗ ಬೀದಿನಾಯಿಗೆ ನೀರಿಡುವವರೂ ಅವಳ ಬಟ್ಟಲನ್ನೇ ಇಡುತ್ತಿದ್ದರು. ನೀರಿಗೆ ಬೆರೆತ ಜೊಲ್ಲಿನಲ್ಲಿ ಅದು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಅಳೆಯುತ್ತಿತ್ತು. ಮೂತ್ರಪಿಂಡದ ಬಳಿಯ ಪುಟ್ಟ ಗ್ರಂಥಿಯಲ್ಲಿ ಗಡ್ಡೆ ಬೆಳೆದರೆ ಈ ಹಾರ್ಮೋನು ಮಿತಿಮೀರಿ ಸುರಿಯುತ್ತದೆ. ತೀರದ ದಾಹ, ತೀರದ ಹಸಿವು, ಜೋಲುವ ಹೊಟ್ಟೆ. ಸಾಕಿದ ನಾಯಿಗಳಲ್ಲಿ ಈ ರೋಗ ಈಗ ಮೊದಲಲ್ಲೇ ಪತ್ತೆಯಾಗುತ್ತಿತ್ತು. ಗಡ್ಡೆ ತೆಗೆದರೆ ನಾಯಿ ಉಳಿಯುತ್ತಿತ್ತು.

ಶಾಲ್ಮಲಾ ಪರೀಕ್ಷಿಸಿ ನೋಡಿದಾಗ ಕೆಂಚನ ಗಡ್ಡೆ ಯಕೃತ್ತಿಗೂ ಹರಡಿತ್ತು.

"ಇಷ್ಟು ನೀರು ಕುಡಿಯೋದು ಯಾರಿಗೂ ಕಾಣ್ಲಿಲ್ಲೇನ್ರಿ?" ಎಂದಳು ಶಾಲ್ಮಲಾ.

"ನಮ್ಮನ್ಯಾಗ ಒಂದ ಬಟ್ಟಲ ಕುಡೀತಿದ್ದನವ್ವಾ," ಎಂದರು ಮೌಶಿ.

"ನಮ್ಮಲ್ಲೂ ಒಂದ," ಎಂದರು ಎದುರು ಮನೆಯ ಪ್ರವೀಣ ಕಾಕಾ. "ಹೊಟ್ಟಿ ನೋಡಿ ಸಾಹುಕಾರ ಅಂತ ಕಾಡಸ್ತಿದ್ವಿ. ನಮ್ಮ ಮನಿ ರೊಟ್ಟಿದ ಪ್ರತಾಪ ಅಂತ ಈ ರೂಪಾ, ನಮ್ಮದು ಅಂತ ನಾನು. ದಿನಾ ಜಗಳ."

ಶಾಲ್ಮಲಾ ಬಟ್ಟಲಿನತ್ತ ತಿರುಗಿದಳು.

"ಬಟ್ಟಲ ಹಳದಿ ಆದಾಗ?"

"ನಾಯಿ ನಿಮ್ಮದೇನು ಅಂತ ಕೇಳ್ತು. ಓಣಿ ನಾಯಿನ ನಮ್ಮದು ಅಂತ ಸುಳ್ಳ ಹೆಂಗ ಹೇಳ್ಲಿ? ಅಲ್ಲ ಅಂದೆ. ಅದೂ ಸುಮ್ನಾತು," ಎಂದರು ಮೌಶಿ.

ಓಣಿಯ ಎಲ್ಲ ಬಾಗಿಲುಗಳಲ್ಲೂ ಅದೇ ಉತ್ತರ ಬಂದಿತ್ತು. ಆ ಪ್ರಶ್ನೆಯನ್ನು ಬಟ್ಟಲಿಗೆ ಕಲಿಸಿದವಳು ಶಾಲ್ಮಲಾ. ದಾರಿಹೋಕ ನಾಯಿಗಳ ಸುದ್ದಿ ಹೇಳಿ ಜನರಿಗೆ ಕಿರಿಕಿರಿ ಮಾಡಬಾರದು ಎಂದುಕೊಂಡಿದ್ದಳು. ಬಟ್ಟಲೇ ಇಲ್ಲದ ಕಾಲದಲ್ಲೂ ಆ ಹೊಟ್ಟೆ, ಆ ದಾಹ ಬರಿಗಣ್ಣಿಗೆ ಕಾಣುವಂಥವೇ. ನೋಡಿದವರು ನಿಮ್ಮಲ್ಲಿ ಎಷ್ಟು ಕುಡಿದ ಎಂದು ಒಬ್ಬರನ್ನೊಬ್ಬರು ಕೇಳಿದ್ದರೆ ಸಾಕಿತ್ತು.

"ಈಗೇನ ಮಾಡೂದವ್ವಾ?"

"ನೋವಿಗೆ ಔಷಧ ಕೊಡ್ತೀನ್ರಿ. ಅಷ್ಟ."

ಮೌಶಿ ಅವನನ್ನು ಮೊದಲ ಬಾರಿಗೆ ಒಳಗೆ ಕರೆತಂದು ಚಾಪೆಯ ಮೇಲೆ ಮಲಗಿಸಿದರು. ಬಾಯಿಯ ಹತ್ತಿರ ಬಟ್ಟಲಿಟ್ಟರು. ಅವನು ಎರಡು ಗುಟುಕು ನೆಕ್ಕಿದ. ಅಂಚು ಹಳದಿಯಾಯಿತು.

"ಈ ನಾಯಿ ನಿಮ್ಮದೇ?"

"ಹೌದು," ಎಂದರು ಮೌಶಿ. ಬಾಗಿಲಲ್ಲಿ ನಿಂತಿದ್ದ ಕಾಕಾ ಕೂಡ ಅದನ್ನೇ ಹೇಳಿದರು.

ಬಟ್ಟಲು ಈ ಸಲ ಸುಮ್ಮನಾಗಲಿಲ್ಲ. "ರೋಗದ ಲಕ್ಷಣವಿದೆ. ಬೇಗ ತೋರಿಸಿದರೆ ಗುಣವಾಗಬಹುದು. ವೈದ್ಯರಿಗೆ ತಿಳಿಸಲೇ?"

ಅದು ಉತ್ತರಕ್ಕಾಗಿ ಕಾಯುತ್ತಲೇ ಇತ್ತು.